ತೆಳ್ಳೇವು ಮತ್ತು ಮೌನಾ ಲೋವಾ

ಶಿರಸಿಯಲ್ಲಿ ಬೆಳಗಿನಿಂದ ಬಿಡದ ಮಳೆ. ಆಯಿ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಎರೆಯುತ್ತಿದ್ದಳು. ಹಿಟ್ಟು ನೀರಾಗಿದ್ದರೆ ತಾನೇ ಹರಡುತ್ತದೆ, ದಪ್ಪಗಿದ್ದರೆ ಅಲ್ಲೇ ಗುಡ್ಡೆ, ಅಲ್ವಾ?

ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಕತೆಯೂ ಇದೇ. ಲಾವಾ ತೆಳು. ದೂರದವರೆಗೆ ಹರಿದು, ಪದರದ ಮೇಲೆ ಪದರ ಕೂತು, ಮಗುಚಿಟ್ಟ ಗುರಾಣಿಯಂತೆ ಬೆಳೆದ ಬೆಟ್ಟ. ಸಮುದ್ರದಿಂದ ಮೇಲೆ ಕಾಣುವುದೇ 4,169 ಮೀಟರ್, ನೀರೊಳಗಿನದು ಬೇರೆ. 1984ರಲ್ಲಿ ಉಕ್ಕಿದ್ದು, ಮತ್ತೆ ಎದ್ದದ್ದು 2022ರ ನವೆಂಬರಿನಲ್ಲಿ. 38 ವರ್ಷ ಸುಮ್ನೆ ಮಲಗಿತ್ತು!

"ಯಾಣದ ಕಲ್ಲೂ ಹಂಗೇ ಆಗಿದ್ದನೋ ತಮಾ?" ಅಂದಳು ಆಯಿ. ಕಪ್ಪು ನೋಡಿದರೆ ಹಾಗೇ ಅನಿಸುತ್ತದೆ. ಆದರೆ ಅದು ಸುಣ್ಣದ ಕಲ್ಲು, ಮಳೆನೀರು ಕೊರೆದದ್ದು. ಆಯಿಗೆ ಅಲ್ಲಿ ಭಸ್ಮಾಸುರ ಸುಟ್ಟು ಬೂದಿಯಾದ ಕತೆಯೇ ಜಾಸ್ತಿ ಇಷ್ಟ. ಈ ಮಾತಿನಲ್ಲಿ ಒಂದು ತೆಳ್ಳೇವಿನ ಅಂಚು ಸೀದು ಕರಕಲಾಯಿತು.