ಕಮಿಷನರರ ಕಾರಿಗೊಂದು ಸೂರು: ಮಡಿಕೇರಿ ಕೋಟೆಯಿಂದ ನಾಲ್ಕುನಾಡಿನವರೆಗೆ

ಮಡಿಕೇರಿಯ ಬಸ್ ನಿಲ್ದಾಣದಿಂದ ಕೋಟೆಗೆ ಆಟೋ ಬೇಡ, ಏರುದಾರಿಯಲ್ಲಿ ನಡೆದೇ ಹೋಗಬಹುದು. ಒಳಗೆ ಕಾಲಿಟ್ಟವರು ಮೊದಲು ಓಡುವುದು ಗಾರೆಯ ಜೋಡಿ ಆನೆಗಳ ಹತ್ತಿರ. ಅವು ನಿಜವಾದ ಆನೆಯಷ್ಟೇ ದೊಡ್ಡವು. ರಾಜನಿಗೆ ದಿನಾ ಸಲಾಮು ಹಾಕುತ್ತಿದ್ದ ಆನೆಗಳನ್ನು ಅವನು ಸಿಟ್ಟಿನಲ್ಲಿ ಕೊಲ್ಲಿಸಿ, ಆಮೇಲೆ ಮರುಗಿ ಮಾಡಿಸಿದ ಬೊಂಬೆಗಳಿವು ಎಂಬ ಕತೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಫೋಟೊ ಮುಗಿದ ಮೇಲೆ ತಿರುಗಿ ಅರಮನೆಯ ಮುಂಭಾಗವನ್ನು ನೋಡಿ. ಅಲ್ಲಿ ಚಾಚಿಕೊಂಡಿರುವ ಪೋರ್ಟಿಕೊ ರಾಜರ ಕಾಲದ್ದಲ್ಲ. 1933ರಲ್ಲಿ ಬ್ರಿಟಿಷರು ಕಮಿಷನರರ ಕಾರು ನಿಲ್ಲಿಸಲೆಂದು ಕಟ್ಟಿಸಿದ್ದು. ಗಡಿಯಾರದ ಗೋಪುರವೂ ಅವರದೇ. ಅರಮನೆಯ ದುರಸ್ತಿಯ ಮಾತು ಬಂದಾಗಲೆಲ್ಲ ಈ ಕಾರಿನ ಸೂರಿನ ಹತ್ತಿರ ಬಂದು ನಿಲ್ಲಬೇಕು. ಇದು ಉಳಿಯಬೇಕೋ, ಕೆಡವಬೇಕೋ? ಕೆಡವಿದರೆ ಅದರ ಹಿಂದೆ ಸಿಗುವುದು ಯಾರ ಅರಮನೆ?

ಕೊಡಗನ್ನಾಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಕೋಟೆ ಮಣ್ಣಿನದು. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. 1790ರಲ್ಲಿ ದೊಡ್ಡವೀರರಾಜೇಂದ್ರ ಕೋಟೆಯನ್ನು ಮರಳಿ ಪಡೆದ. ಈಗ ಕಣ್ಣಿಗೆ ಬೀಳುವ ಅರಮನೆಯನ್ನು 1812ರಿಂದ 1814ರ ನಡುವೆ ಹೊಸದಾಗಿ ಎಬ್ಬಿಸಿದವನು ಲಿಂಗರಾಜೇಂದ್ರ. 1834ರ ಏಪ್ರಿಲ್‌ನಲ್ಲಿ ಕರ್ನಲ್ ಫ್ರೇಸರನೊಂದಿಗೆ ಬ್ರಿಟಿಷ್ ಸೈನ್ಯ ಬಂದು ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿತು. ಅಲ್ಲಿಂದ ಮುಂದೆ ಇದು ಸರ್ಕಾರದ ಕಟ್ಟಡ. 1855ರಲ್ಲಿ ಕೋಟೆಯೊಳಗಿನ ವೀರಭದ್ರ ಗುಡಿಯನ್ನು ತೆಗೆದು ಅಲ್ಲಿ ಚರ್ಚ್ ಕಟ್ಟಿದರು. ಆ ಚರ್ಚ್ ಇವತ್ತು ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಸ್ವಾತಂತ್ರ್ಯ ಬಂದ ಮೇಲೂ ಅರಮನೆಯೊಳಗೆ ಜಿಲ್ಲೆಯ ಕಚೇರಿಗಳು ದಶಕಗಟ್ಟಲೆ ನಡೆದವು.

ಕಚೇರಿಗಳು ಗೋಡೆಗೆ ಮಾಡುವ ಹಾನಿಗಿಂತ ನೆಲಕ್ಕೆ ಮಾಡುವ ಹಾನಿ ಹೆಚ್ಚು. ಮನೆವಾಸಕ್ಕೆಂದು ಹಾಕಿದ ಮರದ ಅಟ್ಟಕ್ಕೆ ಚದರ ಮೀಟರಿಗೆ ಇನ್ನೂರು ಕಿಲೋ ಹೊರಿಸಿದರೆ ಅದೇ ಜಾಸ್ತಿ. ಒತ್ತಾಗಿ ಪೇರಿಸಿದ ಒಂದು ಘನ ಮೀಟರ್ ಕಡತ ಅರ್ಧ ಟನ್ನಿಗೂ ಮೀರಿ ತೂಗುತ್ತದೆ. ಕಬ್ಬಿಣದ ಬೀರುಗಳನ್ನು ಗೋಡೆಗೆ ಒತ್ತಿಸಿಟ್ಟರೆ ಅಷ್ಟೂ ಭಾರ ತೊಲೆಯ ತುದಿಯ ಮೇಲೆ ಬೀಳುತ್ತದೆ. ಹಳೆಯ ಕಟ್ಟಡದಲ್ಲಿ ಮೊದಲು ಕೊಳೆಯುವುದು ಅದೇ ತುದಿ, ಯಾಕೆಂದರೆ ಅದು ಒದ್ದೆ ಗೋಡೆಯೊಳಗೆ ಹುದುಗಿರುತ್ತದೆ. ಮೇಲಿನಿಂದ ಬಣ್ಣ ಬಳಿದ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ. ಗೋಡೆ ಸೇರುವ ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದರೆ ಹಿಡಿಯವರೆಗೂ ಇಳಿದುಬಿಡುತ್ತದೆ. ಆಗ ತೊಲೆಯನ್ನೇ ಕಿತ್ತು ಹೊಸದು ಹಾಕಬೇಕಿಲ್ಲ. ಕೊಳೆತ ತುದಿಯನ್ನು ಓರೆಯಾಗಿ ಕೊಯ್ದು, ಅದೇ ಜಾತಿಯ ಒಣಗಿದ ಮರದ ತುಂಡನ್ನು ಓರೆಗೆ ಓರೆ ಕೂಡಿಸಿ, ಬೋಲ್ಟ್ ಹಾಕಿ ಬಿಗಿದರೆ ಸಾಕು. ಗೋಡೆಯ ಗೂಡಿನಲ್ಲಿ ತುದಿಯ ಸುತ್ತ ಗಾಳಿಯಾಡುವಷ್ಟು ಸಂದು ಬಿಡಬೇಕು. ಅಂದವಾಗಲಿ ಎಂದು ಆ ಸಂದಿಗೆ ಸಿಮೆಂಟ್ ತುಂಬಿದರೆ ಹೊಸ ತುದಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಮಾಡಿನ ಹಂಚಿಗೆ ಬರೋಣ. ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು ಶುರು ಮಾಡಿದ್ದು 1865ರಲ್ಲಿ. ಲಿಂಗರಾಜ ತೀರಿಕೊಂಡದ್ದು 1820ರಲ್ಲಿ. ಹಾಗಾಗಿ ಮಾಡಿನ ಮೇಲೆ ಮಂಗಳೂರು ಹಂಚು ಕೂತಿದ್ದರೆ ಅದು ರಾಜನ ಕಾಲದ್ದಾಗಿರಲು ಸಾಧ್ಯವೇ ಇಲ್ಲ. ‘ಮೂಲ ಸ್ಥಿತಿಗೆ ತನ್ನಿ’ ಎನ್ನುವವರು ಪೋರ್ಟಿಕೊ ಕೆಡವುವ ಮುಂಚೆ ತಲೆಯೆತ್ತಿ ಮಾಡನ್ನೊಮ್ಮೆ ನೋಡಬೇಕು. ರಾಜಭಕ್ತಿಯ ಲೆಕ್ಕದಲ್ಲಿ ಹಂಚೂ ಹೋಗಬೇಕಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಅದನ್ನು ಯಾರೂ ಒಪ್ಪುವುದಿಲ್ಲ.

ನೂರು ಚದರಡಿ ಮಾಡಿಗೆ ಸುಮಾರು 140 ಹಂಚು ಬೇಕು. ಒಂದೊಂದರ ತೂಕ ಎರಡೂವರೆ ಕಿಲೋ ಆಸುಪಾಸು. ಒಳ್ಳೆಯ ಹಂಚು ಕೂಡ ತನ್ನ ತೂಕದ ಆರರಲ್ಲೊಂದು ಪಾಲಿನಷ್ಟು ನೀರು ಹೀರಬಲ್ಲದು. ಅಂದರೆ ಅಷ್ಟು ಮಾಡಿಗೆ ಬೇಸಗೆಯಲ್ಲಿ 350 ಕಿಲೋ ಹೊರುವ ಪಕ್ಕಾಸುಗಳು, ಅಂದರೆ ಮಾಡಿನ ಓರೆ ಮರಗಳು, ಆಷಾಢದ ಹೊತ್ತಿನ ಕಕ್ಕಡದ ಮಳೆಯಲ್ಲಿ 400 ಕಿಲೋಗೂ ಹೆಚ್ಚು ಹೊರುತ್ತವೆ. ಹಂಚು ಸೋರಿದರೆ ಬದಲಿಸುವುದು ಸುಲಭ. ಕೈಕೊಡುವುದು ಹಂಚು ಕೂರುವ ಅಡ್ಡಪಟ್ಟಿ, ರೀಪು. ಒಂದು ರೀಪು ಬಾಗಿದರೆ ಮೇಲಿನ ಹಂಚಿನ ಗಾಡಿ (ಅಂಚಿನ ತೋಡು) ಕೆಳಗಿನದನ್ನು ಕಚ್ಚುವುದಿಲ್ಲ, ಗಾಳಿ ಜೋರಾದಾಗ ನೀರು ಹಿಮ್ಮುಖವಾಗಿ ಒಳಕ್ಕೆ ನುಗ್ಗುತ್ತದೆ. ಹಳೆಯ ಹಂಚು ತೆಗೆದು ಜೋಡಿಸಿಡುವಾಗ ಯಾವ ಕಾರ್ಖಾನೆಯದೆಂದು ಹಿಂಬದಿಯ ಮುದ್ರೆ ನೋಡಿ ಬೇರೆ ಬೇರೆ ಪೇರಿಸಬೇಕು. ಅಳತೆಯಲ್ಲಿ ನೂಲಿನಷ್ಟು ವ್ಯತ್ಯಾಸವಿದ್ದರೂ ಒಂದರ ಗಾಡಿಗೆ ಇನ್ನೊಂದು ಕೂರುವುದಿಲ್ಲ. ಮೂಲೆಹಂಚಿಗೆ ಬರೀ ಸಿಮೆಂಟ್ ಗಾರೆ ಹಾಕಿದರೆ ಎರಡು ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಸುಣ್ಣ ಬೆರೆಸಿದರೆ ಅದು ಮಾಡಿನ ಜೊತೆ ಸ್ವಲ್ಪ ಮಿಸುಕಾಡಿಕೊಂಡು ತಾಳುತ್ತದೆ. ಇನ್ನು ಟಾರ್ಪಾಲಿನು: ಸೋರುವ ಮಾಡಿಗೆ ಮಳೆಗಾಲದ ಮಟ್ಟಿಗೆ ಸರಿ, ವರ್ಷಗಟ್ಟಲೆ ಬಿಟ್ಟರೆ ಕೆಳಗಿನ ಮರ ಬೆವರಿ ಗೆದ್ದಲಿಗೆ ಔತಣ.

ಗೋಡೆಗೆ ಬಂದರೆ ಒಂದು ಸಣ್ಣ ಪರೀಕ್ಷೆಯನ್ನು ಪ್ರವಾಸಿಗರೂ ಮಾಡಬಹುದು. ಬೆರಳ ಗೆಣ್ಣಿನಿಂದ ಗಿಲಾವನ್ನು ಮೆತ್ತಗೆ ತಟ್ಟಿ. ‘ಟಕ್’ ಎಂದರೆ ಗೋಡೆ ಹಿಡಿದುಕೊಂಡಿದೆ, ‘ಡಬ್’ ಎಂದರೆ ಒಳಗೆ ಪೊಳ್ಳು. ಹಳೆಯ ಸುಣ್ಣದ ಗೋಡೆಗೆ ಸಿಮೆಂಟ್ ತೇಪೆ ಹಾಕಿದ ಕಡೆಯೆಲ್ಲ ಹೆಚ್ಚಾಗಿ ಡಬ್ ಎನ್ನುತ್ತದೆ. ನೆಲದಿಂದ ಏರಿದ ತೇವ ಸುಣ್ಣದ ಮೂಲಕ ಆರಿಹೋಗುತ್ತಿತ್ತು. ಸಿಮೆಂಟ್ ಅದಕ್ಕೆ ಬಾಗಿಲು ಹಾಕುತ್ತದೆ. ತೇವ ಇನ್ನೂ ಮೇಲಕ್ಕೆ ಹತ್ತಿ, ತೇಪೆಯ ಅಂಚಿನಲ್ಲಿ ಉಪ್ಪು ಬಿಟ್ಟು, ಒಳಗಿನ ಇಟ್ಟಿಗೆಯನ್ನು ಹಿಟ್ಟು ಮಾಡುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಮಾಡುವುದೂ ಅದನ್ನೇ.

ಸರಿಯಾದ ಗಾರೆಗೆ ತಾಳ್ಮೆ ಬೇಕು, ಟೆಂಡರಿನ ಗಡುವಿಗೆ ತಾಳ್ಮೆ ಇರುವುದಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಸೋಸಿ, ನೀರಿನಡಿಯಲ್ಲೇ ಕನಿಷ್ಠ ಮೂರು ನಾಲ್ಕು ವಾರ ಕೊಳೆಹಾಕಬೇಕು. ಅರಳದೆ ಉಳಿದ ಕಾಳುಗಳು ಗೋಡೆಗೆ ಹೋದರೆ ತಿಂಗಳುಗಳ ನಂತರ ಅಲ್ಲೇ ಅರಳಿ ಗಿಲಾವು ಗುಳ್ಳೆಯೆದ್ದು ಚಕ್ಕೆ ಉದುರುತ್ತದೆ. ಕೊಡಗಿನಂಥ ತೇವದ ನಾಡಿನಲ್ಲಿ ಬರಿಯ ಸುಣ್ಣ, ಮರಳು ಸಾಲದು, ಇಟ್ಟಿಗೆ ಪುಡಿಯ ಸುರ್ಕಿ ಬೇಕೇ ಬೇಕು. ಗಾಳಿ ಸೋಕದ ಕಡೆಯೂ ಗಾರೆಯನ್ನು ಗಟ್ಟಿಯಾಗಿಸುವುದು ಅದೇ. ಸುಣ್ಣ, ಸುರ್ಕಿ, ಮರಳು ಸಮಪಾಲು ಹಾಕಿ ಗಾಣದಲ್ಲಿ ಅರೆಯುವುದು ಒಂದು ರೂಢಿ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಸೇರಿಸುವುದೂ ಉಂಟು. ಬೆಲ್ಲ ಅತಿಯಾದರೆ ಗಾರೆ ಬಿಗಿಯುವುದೇ ಇಲ್ಲ, ಇರುವೆ ಬರುವುದು ಬೇರೆ. ಒಂದು ಸಲಕ್ಕೆ ಹತ್ತು ಹನ್ನೆರಡು ಮಿಲಿಮೀಟರ್ ದಪ್ಪ, ಮೇಲೆ ಒದ್ದೆ ಗೋಣಿತಾಟು, ವಾರಕ್ಕೂ ಹೆಚ್ಚು ದಿನ ನೀರು.

ಕೆಲಸದ ಪಂಚಾಂಗವೂ ಇಲ್ಲಿ ಬೇರೆಯೇ. ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆ ಗಾರೆ ಶುರು ಮಾಡಿದರೆ ಫೆಬ್ರುವರಿವರೆಗೆ ಸಮಯ ಸಿಗುತ್ತದೆ. ಕಾಫಿ ಹೂಮಳೆ ಬೀಳುವ ಮಾರ್ಚ್, ಏಪ್ರಿಲ್‌ನಲ್ಲಿ ಮಾಡನ್ನು ತೆರೆದಿಡುವುದು ದುಸ್ಸಾಹಸ. ಹಣ ಮಂಜೂರಾಗಿ ಆದೇಶ ಕೈಸೇರುವುದು ಮಾರ್ಚ್ ಕೊನೆಗೆ ಎಂಬುದು ಸರ್ಕಾರಿ ಕೆಲಸ ಬಲ್ಲವರಿಗೆಲ್ಲ ಗೊತ್ತು. ಅರ್ಧ ಅವಾಂತರದ ಬೇರು ಇಲ್ಲಿದೆ.

ಇನ್ನು ಪೋರ್ಟಿಕೊ. ಸ್ಮಾರಕಗಳ ಸಂರಕ್ಷಣೆಯ ಬಗ್ಗೆ 1964ರಲ್ಲಿ ಆದ ವೆನಿಸ್ ಸನ್ನದು ಹೇಳುವುದೇನೆಂದರೆ, ಕಟ್ಟಡಕ್ಕೆ ಪ್ರತಿಯೊಂದು ಕಾಲ ಸೇರಿಸಿದ್ದನ್ನೂ ಗೌರವಿಸಬೇಕು, ಎಲ್ಲವನ್ನೂ ಒಂದೇ ಶೈಲಿಗೆ ತರುವುದು ದುರಸ್ತಿಯ ಗುರಿಯಲ್ಲ. ಮಡಿಕೇರಿಯಲ್ಲಿ ಈ ಮಾತು ಬರೀ ವಾಸ್ತುಶಿಲ್ಪದ್ದಾಗಿ ಉಳಿಯುವುದಿಲ್ಲ. ಕಲ್ಲಿನ ಕೋಟೆ ಟಿಪ್ಪುವಿನದು ಎಂದು ಫಲಕ ಹಾಕಿದರೆ ಅವನ ಸೈನ್ಯ ದೇವಟ್ ಪರಂಬಿನಲ್ಲಿ ನಡೆಸಿದ ಹತ್ಯಾಕಾಂಡವನ್ನು ಮರೆಯದ ಕೊಡವರಿಗೆ ನೋವು. ಹಾಕದಿದ್ದರೆ ಇತಿಹಾಸಕ್ಕೆ ಸುಳ್ಳು. 2015ರ ನವೆಂಬರ್ 10ರಂದು ಸರ್ಕಾರಿ ಟಿಪ್ಪು ಜಯಂತಿಯ ದಿನ ಇದೇ ಊರಿನಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರಲ್ಲಿ ಸರ್ಕಾರ ಆಚರಣೆಯನ್ನೇ ಕೈಬಿಟ್ಟಿತು. ಜಯಂತಿಯನ್ನು ಆದೇಶದಿಂದ ರದ್ದು ಮಾಡಬಹುದು, ಗೋಡೆಯ ಕಲ್ಲನ್ನು ರದ್ದು ಮಾಡಲಾಗದು. ಫಲಕದಲ್ಲಿ ಕೋಟೆ ಕಟ್ಟಿದ್ದೂ ಇರಲಿ, ಕೊಂದದ್ದೂ ಇರಲಿ.

ಚಿಕ್ಕವೀರರಾಜನ ವಿಷಯ ಇನ್ನೂ ತೊಡಕಿನದು. ಅವನ ಕ್ರೌರ್ಯದ ಕತೆಗಳಲ್ಲಿ ಹೆಚ್ಚಿನವು ನಮ್ಮನ್ನು ಮುಟ್ಟಿದ್ದು ಅವನನ್ನು ಇಳಿಸಿ ನಾಡನ್ನು ಪಡೆದವರ ಲೇಖನಿಯಿಂದ. ಎಲ್ಲ ಸುಳ್ಳೆಂದಲ್ಲ. ಆದರೆ ಅವನು ಹೋದ ಮೂರೇ ವರ್ಷಕ್ಕೆ, 1837ರಲ್ಲಿ, ಹಾಲೇರಿ ವಂಶದ ಹೆಸರು ಹಿಡಿದೇ ಸುಳ್ಯದಿಂದ ಮಂಗಳೂರಿನವರೆಗೆ ರೈತರು ದಂಗೆಯೆದ್ದು ನಡೆದರು. ಜನಕ್ಕೆ ಅಷ್ಟೊಂದು ಬೇಡವಾದ ವಂಶದ ಹೆಸರು ಹೇಳಿ ಯಾರಾದರೂ ಪ್ರಾಣ ಕೊಡುತ್ತಾರೆಯೇ? ದಂಗೆಯ ಮುಂದಾಳು ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಇದೇ ಕೋಟೆಯಲ್ಲಿ. ಪೋರ್ಟಿಕೊ ಕೆಡವಿದರೆ ಗಲ್ಲಿಗೇರಿಸಿದ ಆ ಬ್ರಿಟಿಷ್ ಅಧಿಕಾರ ಎಷ್ಟು ನಿಶ್ಚಿಂತೆಯಿಂದ ರಾಜನ ಹೊಸ್ತಿಲಲ್ಲಿ ಕಾರು ನಿಲ್ಲಿಸಿತ್ತು ಎಂಬುದಕ್ಕೆ ಸಾಕ್ಷಿಯೇ ಇಲ್ಲವಾಗುತ್ತದೆ. ಅದು ಚೆಂದವಾಗಿಲ್ಲ. ಇರಲಿ.

ಕೋಟೆಯಿಂದ ಮಹದೇವಪೇಟೆಯ ಕಡೆ ಹೋದರೆ ರಾಜರ ಸಮಾಧಿಗಳಿರುವ ಗದ್ದಿಗೆ. ನಡುವಿನದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹಾದೇವಮ್ಮಾಜಿಯವರದು, ಪಕ್ಕದ್ದು ಮಗ ಕಟ್ಟಿಸಿದ ಲಿಂಗರಾಜೇಂದ್ರನದು. ಗುಮ್ಮಟ, ಮೂಲೆಗೆ ಮಿನಾರು, ಮೇಲೆ ನಂದಿ: ವೀರಶೈವ ದೊರೆಗಳ ಸಮಾಧಿಗೆ ಮುಸ್ಲಿಂ ಶೈಲಿಯ ಕಟ್ಟಡ. ಸಮೀಪದಲ್ಲೇ ಟಿಪ್ಪುವಿನ ವಿರುದ್ಧ ಕಾದಾಡಿದ ಬಿದ್ದಂಡ ಬೋಪು, ಸೋಮಯ್ಯರ ಸಮಾಧಿಗಳು. ಗುಮ್ಮಟದ ಬಿರುಕಿನಲ್ಲಿ ಅರಳಿ, ಗೋಣಿ ಸಸಿ ಕಂಡರೆ ಎಳೆದು ಕೀಳಬಾರದು, ಬೇರಿನ ಜೊತೆ ಗಾರೆಯೂ ಬರುತ್ತದೆ. ಬುಡ ಕತ್ತರಿಸಿ, ಕಡಿದ ಬಾಯಿಗೆ ಔಷಧಿ ಹಚ್ಚಿ, ಬೇರು ಸತ್ತ ಮೇಲೆ ಸುಣ್ಣದ ತಿಳಿಗಾರೆ ತುಂಬಬೇಕು.

ಪಟ್ಟಣದೊಳಗಿನ ಸನ್ನಿಸೈಡ್ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ. 1906ರ ಮಾರ್ಚ್ 31ರಂದು ಇಲ್ಲಿ ಹುಟ್ಟಿದವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು, 1965ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್‌ನಲ್ಲಿ ತೀರಿಕೊಂಡರು. ನಡುವೆ ಬಹುಕಾಲ ಈ ಮನೆಯಲ್ಲಿದ್ದದ್ದು ಆರ್‌ಟಿಒ ಕಚೇರಿ. ದುರಸ್ತಿಯಾಗಿ 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ಕೋವಿಂದ್ ಅವರಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ಒಬ್ಬರೇ ವ್ಯಕ್ತಿ, ಜಗಳವಿಲ್ಲದ ಕೀರ್ತಿ, ಯಾವ ಕಾಲಕ್ಕೆ ಮರಳಿಸಬೇಕೆಂಬ ಗೊಂದಲವೂ ಇಲ್ಲ. ಅರಮನೆಗಿಂತ ಇದು ಸಲೀಸು. ಡ್ರೈವಿಂಗ್ ಲೈಸೆನ್ಸಿಗೆ ಇಲ್ಲಿ ಸಾಲು ನಿಂತ ಊರಿನವರ ನೆನಪಿಗೂ ಒಂದು ಮೂಲೆ ಇದ್ದರೆ ತಪ್ಪೇನಿರಲಿಲ್ಲ.

ನಾಪೋಕ್ಲು ಮಾರ್ಗವಾಗಿ ಕಕ್ಕಬ್ಬೆಗೆ ಹೋಗಿ, ತಡಿಯಂಡಮೋಳಿನ ಬುಡ ಸೇರಿದರೆ ನಾಲ್ಕುನಾಡು ಅರಮನೆ. ಕೊನೆಯ ತಿರುವುಗಳು ಕಿರಿದು, ದೊಡ್ಡ ವಾಹನ ಬೇಡ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡ ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ್ದು ಇದನ್ನು. 1796ರಲ್ಲಿ ಮಹಾದೇವಮ್ಮಾಜಿಯೊಡನೆ ಮದುವೆಯಾದದ್ದೂ ಇಲ್ಲಿಯೇ. 1834ರಲ್ಲಿ ಕೊನೆಯ ರಾಜ ಅಡಗಿದ್ದೂ ಇಲ್ಲೇ. ಅಲ್ಲಿಂದ ಕಾಶಿಗೆ, ಕಾಶಿಯಿಂದ 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದವನು 1859ರಲ್ಲಿ ಲಂಡನ್ನಿನಲ್ಲಿ ಸತ್ತ.

ಒಳಗಿನ ಕೋಣೆಗಳು ಕತ್ತಲು, ಟಾರ್ಚ್ ಇರಲಿ. ಗೋಡೆಗಳ ಮೇಲೆ, ಮುಚ್ಚಿಗೆಯಲ್ಲಿ ಚಿತ್ರಗಳಿವೆ. ಧೂಳು ಕಂಡಿತೆಂದು ಒದ್ದೆ ಬಟ್ಟೆ ಮುಟ್ಟಿಸಿದರೆ ತೇವದ ಜೊತೆ ಉಪ್ಪು ಮೇಲೆದ್ದು ಬಣ್ಣದ ಪದರವನ್ನೇ ಎತ್ತುತ್ತದೆ. ಮೆತ್ತನೆಯ ಒಣ ಕುಂಚ ಮಾತ್ರ, ಅದೂ ಕೈಪಳಗಿದವರದು. ಪದರ ಸಡಿಲವಾದ ಕಡೆ ಸಿರಿಂಜಿನಲ್ಲಿ ಸುಣ್ಣದ ತಿಳಿಗಾರೆಯನ್ನು ಹನಿ ಹನಿಯಾಗಿ ಹಿಂದಕ್ಕೆ ಬಿಟ್ಟು, ಹತ್ತಿಯ ಗಾದಿ ಇಟ್ಟು ಒತ್ತಿ ಹಿಡಿಯುತ್ತಾರೆ. ಇಂಥ ಕೆಲಸದಲ್ಲಿ ಅಂಗೈಯಗಲಕ್ಕೇ ಒಂದು ದಿನ ಹಿಡಿಯಬಹುದು. ಮೊಳೆಯಲ್ಲಿ ಹೆಸರು ಗೀಚುವವರಿಗೆ ಅರ್ಧ ನಿಮಿಷ ಸಾಕು.