ಕರೆಂಟು ಹೋದಾಗಿನ ಲೆಕ್ಕ

ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮಿಲ್ಲು ಇದೆ. ಮಿಲ್ಲು ಅಂದರೆ ದೊಡ್ಡದೇನಲ್ಲ. ಗೋಧಿ, ಅಕ್ಕಿಗೆ ಒಂದು ಮೆಷಿನು, ಮೆಣಸು-ಕೊತ್ತಂಬರಿಗೆ ಇನ್ನೊಂದು. ಮೊದಲು ಒಂದೇ ಇತ್ತು. ಆಗ ಮೆಣಸಿನ ಹುಡಿ ಮಾಡಿದ ಮೇಲೆ ಯಾರಾದರೂ ಗೋಧಿ ತಂದರೆ ಜಗಳ ಗ್ಯಾರಂಟಿ.

ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂರುತ್ತಿದ್ದೆ. ಮಿಲ್ಲು ಓಡುವಾಗ ಓದಲಿಕ್ಕೆ ಆಗುತ್ತಿರಲಿಲ್ಲ. ಆದರೆ ಕರೆಂಟು ಹೋಗಿ ಬೆಲ್ಟು ನಿಂತ ಕೂಡಲೇ ಕಿವಿಯೊಳಗೆ ಒಂದು ಜಾಗ ಖಾಲಿಯಾದ ಹಾಗೆ ಆಗುತ್ತಿತ್ತು. ಗಿರಾಕಿಗಳು ಗೋಣಿ ಮೇಲೆ ಕೂತು ತುಳು, ಮಲೆಯಾಳ, ಕನ್ನಡ ಮೂರರಲ್ಲೂ ಕರೆಂಟಿಗೆ ಬೈಯುತ್ತಿದ್ದರು. ನಾನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಮಾಡುತ್ತಿದ್ದೆ. ನನ್ನ ಬೀಜಗಣಿತದಲ್ಲಿ ಮುಕ್ಕಾಲು ಪಾಲು ಆ ಬಿಲ್ ಪುಸ್ತಕಗಳಲ್ಲೇ ಆದದ್ದು.

ಜಾರ್ಜ್ ಗ್ರೀನ್ ಎಂಬ ಹೆಸರು ಬಿ.ಎಸ್ಸಿ.ಯಲ್ಲಿ ಸಿಕ್ಕಿತು. ಗ್ರೀನ್ ಪ್ರಮೇಯ, ಪರೀಕ್ಷೆಗೆ ಬಂದೇ ಬರುತ್ತದೆ ಅಂತ ಉರು ಹೊಡೆದೆ. ಆ ಮನುಷ್ಯ ಯಾರು ಅಂತ ನಾನೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಎಷ್ಟೋ ವರ್ಷ ಆದ ಮೇಲೆ, ಟ್ಯೂಷನ್ ಮಕ್ಕಳಿಗೆ ಏನೋ ಹುಡುಕುವಾಗ ಗೊತ್ತಾಯಿತು. ಅವನದ್ದೂ ಹಿಟ್ಟಿನ ಮಿಲ್ಲು!

ಅಪ್ಪ ಮಿಲ್ಲಿನಲ್ಲಿದ್ದರು. ಅಲ್ಲಿಗೇ ಫೋನ್ ಮಾಡಿದೆ.

"ಎಂತ ಮಾರಾಯ್ತಿ, ಜೋರು ಹೇಳು, ಮೆಷಿನು ಓಡ್ತಾ ಉಂಟು."

ಗ್ರೀನ್ ಹುಟ್ಟಿದ್ದು 1793ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ತಂದೆ ಬೇಕರಿಯವನು. ಎಂಟು ವರ್ಷದ ಹುಡುಗನನ್ನು ಶಾಲೆಗೆ ಹಾಕಿದರು, ಒಂದು ವರ್ಷ ಚಿಲ್ಲರೆ ಆಗುವಾಗ ಬಿಡಿಸಿದರು. ಬೇಕರಿಯಲ್ಲಿ ಕೈ ಬೇಕಿತ್ತು. 1807ರಲ್ಲಿ ತಂದೆ ಪಕ್ಕದ ಸ್ನೆಂಟನ್‌ನಲ್ಲಿ ಇಟ್ಟಿಗೆಯ ಗಾಳಿ ಗಿರಣಿ ಕಟ್ಟಿಸಿದ. ಮುಂದೆ ಮಗನೂ ಅದರಲ್ಲೇ ದುಡಿದ. ಅದರ ಮೇಲಿನ ಮಹಡಿಯಲ್ಲಿ ಕೂತು ಅವನು ಓದುತ್ತಿದ್ದ ಅಂತ ಆ ಊರವರ ಮಾತು.

ಗಿರಣಿಯ ಕೆಲಸ ಏನು ಅಂತ ನನಗೆ ಗೊತ್ತು. ಹುಡಿ ಬೀಳುವಲ್ಲಿ ಅಪ್ಪ ಕೈ ಒಡ್ಡುತ್ತಾರೆ. ಹೆಬ್ಬೆರಳು, ತೋರುಬೆರಳ ನಡುವೆ ಚೂರು ಉಜ್ಜುತ್ತಾರೆ. ಹುಡಿ ಜಾಸ್ತಿ ಬಿಸಿಯಿದ್ದರೆ ಕಲ್ಲುಗಳು ತೀರಾ ಹತ್ತಿರ ಆಗಿವೆ ಅಂತ. ತರಿತರಿ ಆದರೆ ದೂರ. ಅವರ ಕಣ್ಣು ಆಗ ಹುಡಿಯ ಮೇಲೆ ಇರುವುದಿಲ್ಲ, ಗಿರಾಕಿಯ ಜೊತೆ ಮಾತಾಡುತ್ತಾ ಇರುತ್ತಾರೆ. ಇನ್ನೊಂದು ಕೈ ತಿರುಪನ್ನು ಕಾಲು ಸುತ್ತು ತಿರುಗಿಸಿ ಆಗಿರುತ್ತದೆ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬಿಳಿ. ಇಡೀ ದಿವಸ ಹೀಗೆ ದುಡಿದವನೊಬ್ಬ ಲಾಪ್ಲಾಸ್, ಪಾಯ್ಸನ್ ಎಂಬ ಗಣಿತಜ್ಞರ ಫ್ರೆಂಚ್ ಪುಸ್ತಕಗಳನ್ನು ಹಿಡಿದು ಕೂತ ಅಂದರೆ, ಅದರ ತೂಕ ನನಗೆ ಗೊತ್ತಾಗುತ್ತದೆ.

1823ರಲ್ಲಿ ಅವನು ಊರಿನ ಚಂದಾ ಗ್ರಂಥಾಲಯಕ್ಕೆ ಸೇರಿದ. ಐದು ವರ್ಷಕ್ಕೆ, 1828ರಲ್ಲಿ, ವಿದ್ಯುತ್ತು ಮತ್ತು ಅಯಸ್ಕಾಂತದ ಬಗ್ಗೆ ಒಂದು ಪ್ರಬಂಧವನ್ನು ಸ್ವಂತ ಖರ್ಚಿನಲ್ಲೇ ಅಚ್ಚು ಹಾಕಿಸಿದ. ಬೆಲೆ ಏಳೂವರೆ ಶಿಲಿಂಗ್. ಮೊದಲೇ ಹೆಸರು ಕೊಟ್ಟು ಕೊಂಡವರು 51 ಜನ. ಹೆಚ್ಚಿನವರು ಊರಿನವರೇ. ಓದಿ ಅರ್ಥ ಮಾಡಿಕೊಂಡವರು ಬೆರಳೆಣಿಕೆಯವರೂ ಇರಲಿಕ್ಕಿಲ್ಲ. ನಮ್ಮೂರಲ್ಲಿ ಯಕ್ಷಗಾನಕ್ಕೆ ಪಟ್ಟಿ ಹಿಡಿದುಕೊಂಡು ಬಂದರೆ ಕೊಡುತ್ತೇವಲ್ಲ, ಹಾಗೆ. ಹುಡುಗ ನಮ್ಮವನು, ಏನೋ ಮಾಡಿದ್ದಾನೆ, ಇರಲಿ.

ಒಳಗೆ ಇದ್ದದ್ದು ಏನು? ನಾನು ಮಕ್ಕಳಿಗೆ ಇದನ್ನು ಹೇಳುವುದು ಸುರಂಗದ ಕೆರೆ ತೋರಿಸಿ. ಸುರಂಗ ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು. ನಮ್ಮ ಗುಡ್ಡದ ಸುರಂಗದ ನೀರು ಒಂದು ಸಣ್ಣ ಮಣ್ಣಿನ ಕೆರೆಗೆ ಬೀಳುತ್ತದೆ. ನೀರು ತಟಸ್ಥ ಇರುವಾಗ ಒಂದು ಕಲ್ಲು ಹಾಕಿ. ಸುತ್ತ ಅಲೆ ಏಳುತ್ತದೆ, ದಂಡೆಗೆ ತಾಗಿ ವಾಪಸು ಬರುತ್ತದೆ. ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಿ: ಇಲ್ಲಿ ಒಂದು ಹನಿ ಬಿದ್ದರೆ, ಅಲ್ಲಿ ನೀರು ಎಷ್ಟು ಅಲ್ಲಾಡುತ್ತದೆ? ಇಷ್ಟು ಗೊತ್ತಿದ್ದರೆ ಜಡಿಮಳೆ ಬಂದರೂ ಹೆದರಬೇಕಾಗಿಲ್ಲ. ಹನಿ ಹನಿಯ ಲೆಕ್ಕ ಕೂಡಿಸುತ್ತಾ ಹೋದರಾಯಿತು (ಅಲೆ ಸಣ್ಣದಿದ್ದರೆ, ಅಂತ ಸೇರಿಸಬೇಕು, ಇಲ್ಲದಿದ್ದರೆ ಒಬ್ಬ ಹುಡುಗ ಬಿಡುವುದಿಲ್ಲ). ಕೆರೆಯ ಆಕಾರ ಬದಲಾದರೆ ಒಂದು ಹನಿಯ ಉತ್ತರವೂ ಬದಲಾಗುತ್ತದೆ, ಯಾಕೆಂದರೆ ದಂಡೆ ಬೇರೆ. ಗ್ರೀನ್‌ಗೆ ನೀರಲ್ಲ, ಲೋಹದ ಮೇಲೆ ಕೂತ ವಿದ್ಯುತ್ತು. ಆದರೆ ಉಪಾಯ ಇದೇ. ಈಗ ಅದಕ್ಕೆ ಗ್ರೀನ್ ಫಂಕ್ಷನ್ ಅನ್ನುತ್ತಾರೆ. ಒಳಗಿನ ಸಂಗತಿಗೂ ಅಂಚಿನ ಸಂಗತಿಗೂ ಸಂಬಂಧ ಕಟ್ಟುವ ಪ್ರಮೇಯವೂ ಅದೇ ಪ್ರಬಂಧದಲ್ಲಿತ್ತು. ಈಗ ವೋಲ್ಟಿನಲ್ಲಿ ಅಳೆಯುತ್ತೇವಲ್ಲ, ವಿದ್ಯುತ್ತಿನ ಲೆಕ್ಕದಲ್ಲಿ ಅದಕ್ಕೆ ಪೊಟೆನ್ಶಿಯಲ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ.

ಕೊಂಡವರಲ್ಲಿ ಒಬ್ಬರಿಗೆ ಮಾತ್ರ ಇದು ಏನೆಂದು ಹೊಳೆಯಿತು. ಎಡ್ವರ್ಡ್ ಬ್ರಾಮ್‌ಹೆಡ್, ಲಿಂಕನ್‌ಶೈರಿನ ಜಮೀನ್ದಾರರು, ಗಣಿತ ಬಲ್ಲವರು. ಮುಂದೆ ಬರೆದರೆ ವಿದ್ವಾಂಸರ ದೊಡ್ಡ ಸಂಘಗಳಿಗೆ ನಾನು ಕಳಿಸಿಕೊಡುತ್ತೇನೆ ಅಂತ ಕಾಗದ ಬರೆದರು.

ಗ್ರೀನ್ ಉತ್ತರ ಕೊಟ್ಟದ್ದು 1830ರ ಜನವರಿಯಲ್ಲಿ. ಹತ್ತಿರ ಹತ್ತಿರ ಎರಡು ವರ್ಷ ಬಿಟ್ಟು! ದೊಡ್ಡವರು ಸುಮ್ನೆ ಮರ್ಯಾದೆಗೆ ಹೀಗೆ ಬರೆಯುತ್ತಾರೆ, ನೀನು ಉತ್ತರ ಬರೆಯುವುದು ಸರಿಯಲ್ಲ ಅಂತ ಯಾರೋ ಹೇಳಿದ್ದನ್ನು ಅವನು ನಂಬಿದ್ದ.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದೆ. ಬಿ.ಎಸ್ಸಿ. ಎರಡನೇ ವರ್ಷದ ಬೇಸಿಗೆ ಶಿಬಿರವೊಂದರಲ್ಲಿ ಪಾಠ ಮಾಡಲು ಬಂದವರೊಬ್ಬರು ನನ್ನ ಲೆಕ್ಕದ ಪುಸ್ತಕ ನೋಡಿ, "ಡಿಗ್ರಿ ಮುಗಿದ ಮೇಲೆ ನನಗೊಂದು ಕಾಗದ ಬರಿಯಮ್ಮ" ಅಂದಿದ್ದರು. ವಿಳಾಸವನ್ನೂ ಬರೆದು ಕೊಟ್ಟಿದ್ದರು. ಊರಿಗೆ ಬಂದು ಹೇಳಿದಾಗ, ತಿಳಿದವರು ಅಂತ ನಾನು ನಂಬಿದ್ದವರೊಬ್ಬರು ನಕ್ಕರು. "ಅವರು ಎಲ್ಲರಿಗೂ ಹಾಗೇ ಹೇಳುವುದು." ನಾನು ಬರೆಯಲಿಲ್ಲ. ಎರಡು ವರ್ಷ ಅಲ್ಲ, ಬರೆಯಲೇ ಇಲ್ಲ. ಆ ಚೀಟಿ ಬಹಳ ದಿನ ಬಿಲ್ ಪುಸ್ತಕದೊಳಗೆ ಇತ್ತು.

ಗ್ರೀನ್ ಬರೆದ. 1829ರಲ್ಲಿ ತಂದೆ ತೀರಿಕೊಂಡಿದ್ದರು, ಗಿರಣಿಯ ಹೊರೆ ಇಳಿಸಿಕೊಳ್ಳಲು ದಾರಿಯಾಯಿತು. ಬ್ರಾಮ್‌ಹೆಡ್ ಒತ್ತಾಯದ ಮೇಲೆ 1833ರಲ್ಲಿ ಕೇಂಬ್ರಿಜಿಗೆ ಹೋದ. ಬರೆಯುವುದು ಕೈಯಸ್, ಓದುವುದು ಕೀಸ್ ಅಂತ ಇರುವ ಒಂದು ಕಾಲೇಜು. ನಲವತ್ತು ವರ್ಷದವನು ಹದಿನೆಂಟರ ಹುಡುಗರ ನಡುವೆ ಬೆಂಚಲ್ಲಿ! ಗಣಿತದ ಪರೀಕ್ಷೆಯಲ್ಲಿ ನಾಲ್ಕನೆಯವನಾದ. 1839ರಲ್ಲಿ ಅದೇ ಕಾಲೇಜಿನಲ್ಲಿ ಫೆಲೋ, ಅಂದರೆ ಕಾಲೇಜಿನ ವಿದ್ವಾಂಸರಲ್ಲೊಬ್ಬ, ಆದ.

ಆ ಸ್ಥಾನಕ್ಕೆ ಮದುವೆ ಆಗಿರಬಾರದು ಅಂತ ನಿಯಮ. ಗ್ರೀನ್ ಮದುವೆ ಆಗಿರಲೂ ಇಲ್ಲ. ಆದರೆ ಗಿರಣಿ ನೋಡಿಕೊಳ್ಳುತ್ತಿದ್ದವನ ಮಗಳು ಜೇನ್ ಸ್ಮಿತ್‌ಳಿಂದ ಅವನಿಗೆ ಏಳು ಮಕ್ಕಳಿದ್ದರು. ಈ ವಿಷಯದಲ್ಲಿ ನನಗೆ ಗ್ರೀನ್ ಮೇಲೆ ಸ್ವಲ್ಪ ಸಿಟ್ಟಿದೆ. ಅವನ ಪ್ರಮೇಯ ಎಲ್ಲರಿಗೂ ಗೊತ್ತು. ಏಳು ಮಕ್ಕಳನ್ನು ಇಟ್ಟುಕೊಂಡು ಊರಿನ ಬಾಯಿಗೆ ಉತ್ತರ ಕೊಟ್ಟವಳು ಜೇನ್ ಅಲ್ವಾ?

ಕೇಂಬ್ರಿಜಿನ ದಿನಗಳಲ್ಲಿ ಅಲೆಗಳ ಬಗ್ಗೆಯೂ ಬರೆದ. ಆಳ ಕಡಿಮೆ ಆಗುತ್ತಾ ಹೋದರೆ ಅಲೆ ಎತ್ತರ ಆಗುತ್ತದೆ. ಎಷ್ಟು? ಆಳ ಹದಿನಾರರಲ್ಲಿ ಒಂದು ಪಾಲಾದರೆ ಎತ್ತರ ಎರಡು ಪಟ್ಟು. ಸುನಾಮಿ ದಡಕ್ಕೆ ಬರುವಾಗ ಎಷ್ಟು ಏಳುತ್ತದೆ ಅಂತ ಅಂದಾಜು ಮಾಡಲು ಈಗಲೂ ಈ ಲೆಕ್ಕ ಬಳಸುತ್ತಾರೆ. ಬೇಕಲದ ಕಡಲ ಬದಿಯಲ್ಲಿ ಇದನ್ನು ಹೇಳಲು ಹೋಗಿ ಸೀರೆ ಮೊಣಕಾಲಿನವರೆಗೆ ಒದ್ದೆ ಮಾಡಿಕೊಂಡೆ. ಮಕ್ಕಳಿಗೆ ನೆನಪಿರುವುದು ಅದೊಂದೇ.

ಗ್ರೀನ್ ಹುಷಾರಿಲ್ಲದೆ ಸ್ನೆಂಟನ್‌ಗೆ ವಾಪಸು ಬಂದ. 1841ರ ಮೇ 31ಕ್ಕೆ ತೀರಿಕೊಂಡ, 47 ವರ್ಷಕ್ಕೆ. ಅವನ ಒಂದು ಚಿತ್ರವೂ ಉಳಿದಿಲ್ಲ. 1845ರಲ್ಲಿ ವಿಲಿಯಂ ಥಾಮ್ಸನ್ ಎಂಬ ಹುಡುಗ, ಮುಂದೆ ಲಾರ್ಡ್ ಕೆಲ್ವಿನ್ ಎಂಬ ದೊಡ್ಡ ವಿಜ್ಞಾನಿ ಆದವನು, ಪ್ಯಾರಿಸಿಗೆ ಹೊರಡುವ ಮೊದಲು ತನ್ನ ಮೇಷ್ಟ್ರು ಹಾಪ್ಕಿನ್ಸ್ ಹತ್ತಿರ ಈ ಪ್ರಬಂಧದ ಮಾತೆತ್ತಿದ. ಅವನು ಅದನ್ನು ಪುಸ್ತಕದಂಗಡಿಗಳಲ್ಲಿ ಹುಡುಕಿ ಸೋತಿದ್ದ. ಮೇಷ್ಟ್ರ ಕಪಾಟಿನಲ್ಲೇ ಇತ್ತು! ಪ್ಯಾರಿಸಿನಲ್ಲಿ ಲಿಯೂವಿಲ್, ಸ್ಟರ್ಮ್ ಎಂಬ ಗಣಿತಜ್ಞರು ನೋಡಿ ಬೆರಗಾದರು. ಥಾಮ್ಸನ್ 1850ರಿಂದ 1854ರ ನಡುವೆ ಅದನ್ನು ಬರ್ಲಿನಿನ ಗಣಿತ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ.

ಗಿರಣಿಗೆ 1947ರಲ್ಲಿ ಬೆಂಕಿ ಬಿದ್ದಿತ್ತು. ಆಮೇಲೆ ದುರಸ್ತಿ ಮಾಡಿದರು, 1986ರಿಂದ ಮತ್ತೆ ಹಿಟ್ಟು ಬೀಸುತ್ತಿದೆ. ಮೊನ್ನೆ ಅದರ ವಿಡಿಯೋವನ್ನು ಅಪ್ಪನಿಗೆ ತೋರಿಸಿದೆ. ಪ್ರಮೇಯ, ಕೇಂಬ್ರಿಜ್ ಯಾವುದಕ್ಕೂ ಅವರು ಹೂಂ ಅನ್ನಲಿಲ್ಲ. ರೆಕ್ಕೆ ತಿರುಗುವುದನ್ನೇ ನೋಡುತ್ತಾ ಇದ್ದರು.

"ಗಾಳಿ ಇಲ್ಲದ ದಿವಸ ಎಂತ ಮಾಡ್ತಿದ್ದ ಅವ?"

"ಮಿಲ್ಲು ಬಂದ್ ಇರ್ತಿತ್ತು, ಅಪ್ಪ."

"ಹಾಂ," ಅಂದರು ಅಪ್ಪ. "ಆಗ ಮಾಡಿರ್ಬೇಕು ಲೆಕ್ಕ."