ಮಾಸು ನೋಡದೆ ಮೂಳೆ ಕಾಯಿಲೆ ಅನ್ಬೇಡಿ

ಜುಲೈ 14, 2025, ಸೋಮವಾರ
ದಾವಣಗೆರೆ

ಸ್ಕ್ಯಾನಲ್ಲಿ ತೊಡೆಮೂಳೆ ಗಿಡ್ಡ ಕಾಣ್ತು ಅಂದ ಕೂಡ್ಲೆ ಎಲ್ರಿಗೂ ಮೊದ್ಲು ಬರೋ ಅನುಮಾನ ಕೂಸಿಗೆ ಮೂಳೆ ಕಾಯಿಲೆ ಐತೆ, ಇಲ್ಲಾಂದ್ರೆ ಕ್ರೋಮೋಸೋಮ್ ತೊಂದ್ರೆ ಅಂತ. ಎರಡೂ ಇರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ಮಾಸು (ತಾಯಿಂದ ಕೂಸಿಗೆ ಉಸಿರು, ಊಟ ಮುಟ್ಟಿಸೋ ಪ್ಲಾಸೆಂಟಾ) ಸರಿಯಾಗಿ ಕೆಲ್ಸ ಮಾಡ್ದಿದ್ರೂ ಹಿಂಗೇ ಆಗುತ್ತೆ ಅನ್ನೋದು ಯಾಕೋ ಕೊನೇಗೆ ನೆನಪಾಗುತ್ತೆ.

ಇವತ್ತು ನಮ್ ಲ್ಯಾಬಲ್ಲಿ ರಿಪೋರ್ಟ್ ಆದ ಕೇಸೂ ಅದೇ (ಯಾರು, ಯಾವೂರು ಬರೆಯಲ್ಲ). 29 ವಾರಕ್ಕೆ ಹೊಟ್ಟೇಲೇ ತೀರ್ಕೊಂಡ ಕೂಸು, ತೊಡೆಮೂಳೆ ಅಳತೆ 25 ವಾರದ್ದು, ತಾಯಿಗೆ ಬಿಪಿ ಜಾಸ್ತಿ. ಪುಣ್ಯಕ್ಕೆ ಲೇಬರ್ ವಾರ್ಡ್ ಸಿಸ್ಟರ್ ಒಬ್ರು ಮಾಸನ್ನ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕ್ದೆ, ಕೆಡದಂಗೆ ಇಡೋ ಫಾರ್ಮಲಿನ್ ಡಬ್ಬೀಲಿ ಕೂಸಿನ ಜೊತೇಲೇ ಕಳ್ಸಿದ್ರು. 180 ಗ್ರಾಂ, ಆ ವಾರಕ್ಕೆ ತೀರಾ ಸಣ್ಣದು, ಕೊಯ್ದ್ರೆ ಅಲ್ಲಲ್ಲಿ ಬಿಳಿಚ್ಕೊಂಡು ಗಟ್ಟಿಯಾದ ಜಾಗ, ಅಂದ್ರೆ ತಾಯಿ ಕಡೆ ರಕ್ತ ಬರ್ದೆ ಸತ್ತ ಭಾಗ.

ಆಮೇಲೆ ಮೈಕ್ರೋಸ್ಕೋಪಲ್ಲಿ ಕೂಸಿನ ಪಕ್ಕೆಲುಬಿನ ಸ್ಲೈಡು ನೋಡಿದೆ. ಮೃದ್ವಸ್ಥಿ (ಮೆತ್ತನೆ ಎಲುಬು) ಗಟ್ಟಿ ಮೂಳೆ ಆಗೋ ಜಾಗದಲ್ಲಿ ಕೋಶಗಳು ನಾಣ್ಯ ಪೇರಿಸಿಟ್ಟಂಗೆ ಸಾಲಾಗಿ ನಿಂತಿರ್ತವೆ, ಆ ಕೋಶ ಹೆಚ್ಚಿದಂಗೆ ಮೂಳೆ ಉದ್ದ ಆಗೋದು. ಇಲ್ಲಿ ಸಾಲು ನೆಟ್ಟಗಿತ್ತು, ಆದ್ರೆ ಮೋಟು, ಕೆಳಗೆ ಅಡ್ಡಕ್ಕೊಂದು ಮೂಳೆ ಗೆರೆ, ಬೆಳವಣಿಗೆ ನಿಂತಿತ್ತು ಅನ್ನೋದರ ಗುರುತು. ಥ್ಯಾನಟೋಫೋರಿಕ್ ಡಿಸ್‌ಪ್ಲೇಸಿಯಾ ಥರದ್ದು ಆಗಿದ್ರೆ, ಎಫ್‌ಜಿಎಫ್‌ಆರ್3 ಅನ್ನೋ ಜೀನ್ ಕೆಟ್ಟು ಬರೋ ಮೂಳೆ ಕಾಯಿಲೆ ಅದು, ಸಾಲೇ ಚೆಲ್ಲಾಪಿಲ್ಲಿ ಆಗಿರೋದು. ಎಕ್ಸ್‌ರೇಲೂ ಬೆನ್ನುಮೂಳೆ, ಪಕ್ಕೆ ಆಕಾರ ಸರಿ ಇತ್ತು. ಇನ್ನೊಂದು ಅನುಮಾನ ತಾಯಿಂದ ಕೂಸಿಗೆ ಬರೋ ಸಿಫಿಲಿಸ್ ಸೋಂಕು, ಅದ್ರಲ್ಲಿ ಮಾಸು ದೊಡ್ಡದಾಗಿ ಬಿಳಿಚ್ಕೊಂಡಿರುತ್ತೆ, ಮೂಳೆ ತುದೀಲಿ ಉರಿಯೂತ ಇರುತ್ತೆ, ಅದೂ ಇಲ್ಲ, ಸಿಫಿಲಿಸ್ಸಿನ ರಕ್ತ ಪರೀಕ್ಷೆ ವಿಡಿಆರ್‌ಎಲ್ಲೂ ನೆಗೆಟಿವ್.

ಮಧ್ಯಾಹ್ನ ರಿಪೋರ್ಟ್ ಇಸ್ಕೊಳೋಕೆ ಕೂಸಿನ ತಾಯಿ, ಆ ಹುಡುಗಿ, ಅವಳ ಅತ್ತೆ ಜೊತೆ ಬಂದಿದ್ಲು. ಅತ್ತೆ ಕೇಳಿದ್ದು ಒಂದೇ, "ಕ್ಯಾಲ್ಸಿಯಂ ಗುಳಿಗಿ ಸರಿಯಾಗಿ ನುಂಗ್ಲಿಲ್ಲ ನೋಡ್ರಿ ಮೇಡಮ್ರೇ, ಅದ್ಕೇ ಎಲುಬು ಬೆಳೀಲಿಲ್ಲ ಅಲ್ವಾ?" ಹುಡುಗಿ ತಲೆ ಎತ್ತಲಿಲ್ಲ. ನಂಗೆ ತಡ್ಕೊಳಕ್ಕಾಗ್ಲಿಲ್ಲ. ಅಲ್ಲ ಅಜ್ಜಿ ಅಂದೆ, ತುಂಬಿದ ಕೂಸಿನ ಮೈಯಲ್ಲಿರೋ ಸುಮಾರು 30 ಗ್ರಾಂ ಕ್ಯಾಲ್ಸಿಯಮ್ಮಲ್ಲಿ ಬಹುಪಾಲು ಸೇರೋದೇ ಕೊನೇ ಮೂರು ತಿಂಗಳಲ್ಲಿ, ತಾಯಿ ಒಂದಿನ ಗುಳಿಗಿ ಬಿಟ್ರೂ ಅವಳ ಎಲುಬಿಂದಾದ್ರೂ ರಕ್ತಕ್ಕೆ ಬರುತ್ತೆ. ಇಲ್ಲಿ ಕೆಟ್ಟಿದ್ದು ಮಾಸು, ಉಸಿರು ಊಟ ಎರಡೂ ಕಮ್ಮಿ ಆದಾಗ ಕೂಸು ಇರೋ ರಕ್ತಾನ ಮೊದ್ಲು ಮೆದುಳಿಗೆ ಕಳ್ಸುತ್ತೆ, ಕೈಕಾಲಿಗೆ ಸಿಗೋದು ಕಮ್ಮಿ, ಇದ್ರಲ್ಲಿ ಈಕೆ ತಪ್ಪು ಏನೂ ಇಲ್ಲ ಅಂದೆ. ಎರಡು ಸಲ ಹೇಳಿದೆ, ಹುಡುಗೀಗೆ ಕೇಳ್ಲಿ ಅಂತ.

ಮೂಳೆ ಕಾಯಿಲೆ ಅಂತ ಬರ್ದು ಬಿಟ್ಟಿದ್ರೆ ಇವ್ರು ಜೀನ್ ಟೆಸ್ಟಿಗೆ ಸಾಲ ಮಾಡ್ಕೊಂಡು ಓಡಾಡ್ತಿದ್ರು, ಮಾಸು ಕೆಡೋದ್ರ ಜೊತೆ ನಂಟಿರೋ ಬಿಪಿ ವಿಚಾರ ಮೂಲೆಗೆ ಬೀಳ್ತಿತ್ತು. ಮುಂದಿನ ಸಲ ತಿಂಗಳು ನಿಂತ ಕೂಡ್ಲೆ ಈ ರಿಪೋರ್ಟ್ ಹಿಡ್ಕೊಂಡು ಹೆರಿಗೆ ಡಾಕ್ಟ್ರ ಹತ್ರ ಹೋಗಿ, ಕಮ್ಮಿ ಡೋಸಿನ ಆಸ್ಪಿರಿನ್ ಬೇಕಾದ್ರೆ 16 ವಾರದೊಳಗೇ ಶುರು ಮಾಡ್ಬೇಕು, ಅದನ್ನ ಅವ್ರೇ ನೋಡಿ ಹೇಳ್ತಾರೆ, ಬಿಪಿ ನೋಡಿಸೋದು, ರಕ್ತ ಹರಿಯೋದನ್ನ ನೋಡೋ ಡಾಪ್ಲರ್ ಸ್ಕ್ಯಾನ್ ತಪ್ಪಿಸ್ಬೇಡಿ ಅಂತ ಚೀಟೀಲಿ ಕನ್ನಡದಲ್ಲೇ ಬರ್ದು ಹುಡುಗಿ ಕೈಗೇ ಕೊಟ್ಟೆ.

ವಾರ್ಡಿನ ಸಿಸ್ಟರ್‌ಗಳು ಯಾರಾದ್ರೂ ಇದನ್ನ ಓದ್ತಿದ್ರೆ, ಕೂಸಿನ ಜೊತೆ ಮಾಸೂ ಕಳ್ಸಿ, ಫಾರ್ಮಲ್ಲಿ ಎಷ್ಟು ವಾರ, ಬಿಪಿ ಎಷ್ಟು ಅನ್ನೋ ಜಾಗ ಖಾಲಿ ಬಿಡ್ಬೇಡಿ.